ಲಿಫ್ಟ್ ನಡುವೆ ನಿಂತರೆ ಏನು ಮಾಡಬೇಕು? ಹಗ್ಗ ಕಿತ್ತು ಬೀಳುತ್ತಾ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದ ಕಡೆ ಏಳು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆ ಆರನೇ ಮಹಡಿಯಲ್ಲಿದೆ. ಆರು ಜನರ ಒಂದೇ ಲಿಫ್ಟ್. ಈ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಎರಡು ಮೂರು ಸಲ ಮಹಡಿಗಳ ನಡುವೆ ನಿಂತುಬಿಟ್ಟಿತು. ಒಮ್ಮೆ ಒಳಗೆ ನಮ್ಮ ಅಮ್ಮ ಇದ್ದರು. ವಾಚ್‌ಮನ್ ಕೀ ಹಾಕಿ ಬಾಗಿಲು ತೆರೆದು, ಕೈ ಹಿಡಿದು ಕೆಳಗೆ ಇಳಿಸಿದರು. ಅವತ್ತಿನಿಂದ ಅಮ್ಮ ಲಿಫ್ಟ್ ಹತ್ತುತ್ತಿಲ್ಲ. ಹಗ್ಗ ಕಿತ್ತರೆ ಏನು ಗತಿ ಅನ್ನುತ್ತಾರೆ, ಮಂಡಿ ನೋವಿಟ್ಟುಕೊಂಡೇ ಮೆಟ್ಟಿಲು ಹತ್ತುತ್ತಾರೆ. ಇತ್ತ ಕಮಿಟಿಯವರು ಖರ್ಚು ಜಾಸ್ತಿ ಆಯ್ತು, ಎಎಂಸಿ (ವರ್ಷದ ನಿರ್ವಹಣೆಯ ಗುತ್ತಿಗೆ) ಕಡಿಮೆ ದರದವರಿಗೆ ಕೊಡೋಣ ಎನ್ನುತ್ತಿದ್ದಾರೆ. ಲಿಫ್ಟನ್ನು ಎಷ್ಟು ನಂಬಬಹುದು? ನಾವು ಏನೇನು ನೋಡಿಕೊಳ್ಳಬೇಕು?

ಉತ್ತರ: ಅಮ್ಮನ ಹೆದರಿಕೆಯಿಂದಲೇ ಶುರು ಮಾಡೋಣ. ಹಗ್ಗ ಕಿತ್ತು ಲಿಫ್ಟ್ ಬೀಳುವುದು ಸಿನಿಮಾದಲ್ಲಿ ತೋರಿಸುವಷ್ಟು ಸುಲಭವಾಗಿ ಆಗುವಂಥದ್ದಲ್ಲ. ನಿಮ್ಮ ಪತ್ರ ಓದುವಾಗ ನನ್ನ ಎದೆ ಝಲ್ ಅಂದದ್ದು ಬೇರೆ ಸಾಲಿಗೆ. ವಾಚ್‌ಮನ್ ಕೀ ಹಾಕಿ ಬಾಗಿಲು ತೆರೆದು ಅಮ್ಮನನ್ನು ಕೆಳಗೆ ಇಳಿಸಿದರು ಎಂಬ ಸಾಲು ಅದು. ಅಮ್ಮನಿಗೆ ಏನೂ ಆಗಲಿಲ್ಲ, ಪುಣ್ಯ. ಅದರ ವಿಷಯ ಆಮೇಲೆ ವಿವರವಾಗಿ ಹೇಳುತ್ತೇನೆ.

ಮೊದಲು ಹಗ್ಗ. ಲಿಫ್ಟ್ ಒಂದೇ ಹಗ್ಗದ ಮೇಲೆ ನೇತಾಡುವುದಿಲ್ಲ. ಆರು ಜನರ ಲಿಫ್ಟಿಗೆ ಸಾಮಾನ್ಯವಾಗಿ ಮೂರೋ ನಾಲ್ಕೋ ಉಕ್ಕಿನ ಹಗ್ಗ ಇರುತ್ತವೆ. ಒಂದೊಂದೂ ನೂರಕ್ಕಿಂತ ಜಾಸ್ತಿ ಸಣ್ಣ ತಂತಿಗಳನ್ನು ಎಳೆ ಎಳೆಯಾಗಿ ಹೊಸೆದು ಮಾಡಿದ್ದು. ಎಲ್ಲ ಹಗ್ಗ ಸೇರಿ, ಹೊರಬೇಕಾದ ಭಾರದ ಸುಮಾರು 12 ಪಟ್ಟು ತಡೆಯುವ ಹಾಗೆ ಲೆಕ್ಕ ಹಾಕಿರುತ್ತಾರೆ. ಹಗ್ಗ ಸವೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಅಲ್ಲೊಂದು ಇಲ್ಲೊಂದು ತಂತಿ ಮುರಿಯುತ್ತದೆ, ಆಮೇಲೆ ದಪ್ಪ ಇಳಿಯುತ್ತದೆ, ತುಕ್ಕಿನ ಕೆಂಪು ಪುಡಿ ಕಾಣಿಸುತ್ತದೆ. ಸರ್ವಿಸಿಗೆ ಬಂದವರು ಕಣ್ಣು ಬಿಟ್ಟು ನೋಡಿದರೆ ಬಹಳ ಮೊದಲೇ ಗೊತ್ತಾಗುತ್ತದೆ.

ಎಲ್ಲ ಹಗ್ಗವೂ ಹೋದವು ಅಂತಲೇ ಇಟ್ಟುಕೊಳ್ಳಿ. ಆಗಲೂ ಕ್ಯಾಬಿನ್ ಬೀಳದಂತೆ ಬೇರೊಂದು ಏರ್ಪಾಡಿದೆ. ಶಾಫ್ಟಿನಲ್ಲಿ, ಅಂದರೆ ಲಿಫ್ಟ್ ಓಡಾಡುವ ಬಾವಿಯಂಥ ಜಾಗದಲ್ಲಿ, ಮೇಲಿಂದ ಕೆಳಗಿನ ತನಕ ಎರಡು ಉಕ್ಕಿನ ಹಳಿ ಇರುತ್ತವೆ, ಕ್ಯಾಬಿನ್ ಓಡಾಡುವುದು ಅವುಗಳ ನಡುವೆ. ಕ್ಯಾಬಿನ್ನಿನ ವೇಗವನ್ನು ಗವರ್ನರ್ ಎಂಬ ಸಣ್ಣ ಚಕ್ರ ತನ್ನದೇ ಪ್ರತ್ಯೇಕ ಹಗ್ಗದ ಮೂಲಕ ಸದಾ ಗಮನಿಸುತ್ತಿರುತ್ತದೆ. ವೇಗ ನಿಗದಿಗಿಂತ ಶೇಕಡಾ 15ಕ್ಕೂ ಮೇಲೆ ಹೋಗಿ, ಗೊತ್ತು ಮಾಡಿದ ಮಿತಿ ಮುಟ್ಟಿತು ಅಂದರೆ ಗವರ್ನರ್ ಲಾಕ್ ಆಗುತ್ತದೆ. ಆಗ ಕ್ಯಾಬಿನ್ನಿಗೆ ಕಟ್ಟಿದ ಉಕ್ಕಿನ ಬೆಣೆಗಳು ಎದ್ದು ಹಳಿಯನ್ನು ಕಚ್ಚಿ ಹಿಡಿಯುತ್ತವೆ. ಇದಕ್ಕೆ ಕರೆಂಟ್ ಬೇಡ, ಕಂಪ್ಯೂಟರ್ ಬೇಡ. 1854ರಲ್ಲಿ ಎಲಿಷಾ ಓಟಿಸ್ ನ್ಯೂಯಾರ್ಕಿನ ಒಂದು ವಸ್ತುಪ್ರದರ್ಶನದಲ್ಲಿ ಎತ್ತರದ ವೇದಿಕೆ ಮೇಲೆ ತಾನೇ ನಿಂತು, ಜನರ ಎದುರೇ ಹಗ್ಗ ಕಡಿಸಿ ತೋರಿಸಿದ್ದು ಇದೇ ಬಗೆಯ ಹಿಡಿತವನ್ನು. ವೇದಿಕೆ ಸ್ವಲ್ಪ ಜಾರಿ ನಿಂತಿತು. ಎತ್ತರದ ಕಟ್ಟಡಗಳು ಎಲ್ಲೆಡೆ ಸಾಮಾನ್ಯವಾದದ್ದು ಅದಾದ ಮೇಲೆ. 1945ರಲ್ಲಿ ಎಂಪೈರ್ ಸ್ಟೇಟ್ ಬಿಲ್ಡಿಂಗಿಗೆ ಮಂಜಿನಲ್ಲಿ ಬಾಂಬರ್ ವಿಮಾನ ಬಂದು ಬಡಿದಾಗ ಲಿಫ್ಟ್ ಬಿದ್ದದ್ದು ನಿಜ. ಅಲ್ಲಿ ಲಿಫ್ಟಿನ ಹಗ್ಗಗಳ ಜೊತೆ ಗವರ್ನರಿನ ಹಗ್ಗವೂ ಕಡಿದುಹೋಗಿತ್ತು. ಅಷ್ಟಾದರೂ ಲಿಫ್ಟ್ ನಡೆಸುತ್ತಿದ್ದ ಬೆಟ್ಟಿ ಲೂ ಆಲಿವರ್ ಎಂಬ ಹುಡುಗಿ ಬದುಕಿ ಉಳಿದಳು. ಇದನ್ನು ಅಮ್ಮನಿಗೆ ಹೇಳಿ. ವಿಮಾನ ಬಡಿದಂಥ ಸಂದರ್ಭ ಬೇಕಾಯ್ತು ಅಂತ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಬಾವಿಯ ರಾಟೆಯ ಎರಡೂ ಕಡೆ ಕೊಡ ಕಟ್ಟಿದಂತೆ, ಲಿಫ್ಟಿನ ಹಗ್ಗದ ಒಂದು ತುದಿಗೆ ಕ್ಯಾಬಿನ್ ಇದ್ದರೆ ಇನ್ನೊಂದು ತುದಿಗೆ ಕಬ್ಬಿಣದ ಎದುರುತೂಕ ಇರುತ್ತದೆ. ಅದರ ಭಾರ ಖಾಲಿ ಕ್ಯಾಬಿನ್ನಿನ ಭಾರಕ್ಕೆ ಲಿಫ್ಟಿನ ಸಾಮರ್ಥ್ಯದ ಸುಮಾರು ಅರ್ಧ ಸೇರಿಸಿದಷ್ಟು. ನಮ್ಮಲ್ಲಿ ಒಬ್ಬರಿಗೆ 68 ಕೆ.ಜಿ. ಎಂದು ಲೆಕ್ಕ. ಆರು ಜನರ ಲಿಫ್ಟ್ ಅಂದರೆ 408 ಕೆ.ಜಿ., ಅರ್ಧ ಅಂದರೆ 204. ಹಾಗಾಗಿ ಒಳಗೆ ಒಬ್ಬರೋ ಇಬ್ಬರೋ ಇದ್ದಾಗ ಎದುರುತೂಕದ ಭಾರವೇ ಜಾಸ್ತಿ. ಬ್ರೇಕ್ ಬಿಟ್ಟರೆ ಕ್ಯಾಬಿನ್ ಮೇಲಕ್ಕೆ ಹೋಗುತ್ತದೆ, ಕೆಳಕ್ಕಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕರೆಂಟ್ ಹೋದಾಗ ಏನಾಗುತ್ತದೆ? ಲಿಫ್ಟಿನ ಬ್ರೇಕ್ ಸ್ಪ್ರಿಂಗಿನ ಬಲದಿಂದ ಸದಾ ಹಿಡಿದೇ ಇರುತ್ತದೆ. ಅದನ್ನು ಬಿಡಿಸಲು ಕರೆಂಟ್ ಬೇಕು. ಬೆಸ್ಕಾಂ ಲೈನ್ ಹೋದ ಕೂಡಲೇ ಬ್ರೇಕ್ ತಾನಾಗಿ ಹಿಡಿದು ಕ್ಯಾಬಿನ್ ಇದ್ದಲ್ಲೇ ನಿಲ್ಲುತ್ತದೆ. ಆಗುವ ಸಣ್ಣ ಜಗ್ಗಾಟಕ್ಕೆ ಜನ ಗಾಬರಿ ಆಗುತ್ತಾರೆ. ಅದು ಬ್ರೇಕ್ ತನ್ನ ಕೆಲಸ ಮಾಡಿದ ಗುರುತು.

ಈಗ ಬಾಗಿಲಿಗೆ ಬರೋಣ. ಲಿಫ್ಟಿನಲ್ಲಿ ನಿಜವಾಗಿ ಹೆದರಬೇಕಾದ ಜಾಗ ಇದು. ಮಹಡಿಯಲ್ಲಿ ಕಾಣುವ ಹೊರ ಬಾಗಿಲಿಗೆ ಸ್ವಂತ ಮೋಟಾರ್ ಇರುವುದಿಲ್ಲ. ಮೋಟಾರ್ ಇರುವುದು ಕ್ಯಾಬಿನ್ನಿನ ಬಾಗಿಲಿಗೆ. ಕ್ಯಾಬಿನ್ ಬಂದು ಸರಿಯಾಗಿ ಎದುರಿಗೆ ನಿಂತಾಗ ಅದರ ಬಾಗಿಲಿನ ಒಂದು ಪಟ್ಟಿ ಹೊರ ಬಾಗಿಲಿನ ಎರಡು ಸಣ್ಣ ರೋಲರುಗಳಿಗೆ ತಾಗಿ, ಕೊಕ್ಕೆಯನ್ನು ಎತ್ತಿ, ಎರಡೂ ಬಾಗಿಲನ್ನು ಒಟ್ಟಿಗೆ ಎಳೆಯುತ್ತದೆ. ಕ್ಯಾಬಿನ್ ಇಲ್ಲದ ಮಹಡಿಯಲ್ಲಿ ಬಾಗಿಲು ತೆರೆಯದೇ ಇರುವುದು ಈ ಕೊಕ್ಕೆಯಿಂದಲೇ. ಕೊಕ್ಕೆ ಕನಿಷ್ಠ 7 ಮಿಲಿಮೀಟರ್ ಸಿಕ್ಕಿಕೊಂಡ ಮೇಲೆಯೇ ಲಿಫ್ಟ್ ಹೊರಡಬೇಕು ಎಂಬುದು ನಿಯಮ. ಬೆರಳ ಉಗುರಿನಷ್ಟು ಜಾಗ. ನೂರಾರು ಜನರ ಜೀವ ದಿನವೂ ಅದರ ಮೇಲೆ ನಿಂತಿದೆ. ಬಾಗಿಲಿಗೆ ಒದೆಯುವುದು, ಒರಗಿ ನಿಲ್ಲುವುದು, ಸೋಫಾ ಸಾಗಿಸುವಾಗ ಗುದ್ದುವುದು, ಮಕ್ಕಳು ಎಳೆದಾಡುವುದು, ಇವೆಲ್ಲ ಆ ಕೊಕ್ಕೆಯನ್ನು ಸಡಿಲ ಮಾಡುತ್ತವೆ. ಸಡಿಲವಾದ ಕೊಕ್ಕೆ ಕ್ಯಾಬಿನ್ ಇಲ್ಲದಾಗಲೂ ಬಿಟ್ಟುಕೊಳ್ಳಬಹುದು. ಹಾಗಾಗಿ ಒಂದು ಅಭ್ಯಾಸ ಮನೆಯವರಿಗೆಲ್ಲ ಬರಲಿ. ಬಾಗಿಲು ತೆರೆದ ತಕ್ಷಣ ಕಾಲಿಡಬೇಡಿ. ಎದುರಿಗೆ ಕ್ಯಾಬಿನ್ ಇದೆಯಾ, ನೆಲ ಮಟ್ಟಕ್ಕಿದೆಯಾ ಅಂತ ಕಣ್ಣಲ್ಲಿ ನೋಡಿ ಆಮೇಲೆ ಹೆಜ್ಜೆ ಇಡಿ. ಮೊಬೈಲ್ ನೋಡಿಕೊಂಡು ಲಿಫ್ಟ್ ಹತ್ತುವುದನ್ನು ನಾನು ಮನಸಾರೆ ವಿರೋಧಿಸುತ್ತೇನೆ.

ವಾಚ್‌ಮನ್ ಹತ್ತಿರ ಇರುವ ಆ ತ್ರಿಕೋನದ ಕೀ ಇದೇ ಕೊಕ್ಕೆಯನ್ನು ಹೊರಗಿನಿಂದ ಎತ್ತುವ ಸಾಧನ. ಅವತ್ತು ಅಮ್ಮನನ್ನು ಕೆಳಗೆ ಇಳಿಸಿದರು ಅಂತ ಬರೆದಿದ್ದೀರಿ, ಹಾಗಾದರೆ ಕ್ಯಾಬಿನ್ನಿನ ನೆಲ ಮಹಡಿಯ ನೆಲಕ್ಕಿಂತ ಮೇಲಿತ್ತು. ಅಂದರೆ ಕ್ಯಾಬಿನ್ನಿನ ಅಡಿಗೂ ಮಹಡಿಯ ನೆಲಕ್ಕೂ ನಡುವೆ ಒಂದು ತೆರೆದ ಬಾಯಿ ಇದ್ದಿರಬಹುದು. ಅದನ್ನು ಮುಚ್ಚಲೆಂದೇ ಕ್ಯಾಬಿನ್ನಿನ ಹೊಸ್ತಿಲ ಕೆಳಗೆ ಒಂದು ತಗಡು ಇಳಿಬಿಟ್ಟಿರುತ್ತಾರೆ. ಅದರ ಉದ್ದ ಸುಮಾರು 75 ಸೆಂಟಿಮೀಟರ್ ಇರಬೇಕು. ಹಳೆಯ ಲಿಫ್ಟುಗಳಲ್ಲಿ ಅಷ್ಟು ಇರುವುದಿಲ್ಲ. ಕ್ಯಾಬಿನ್ ಅದಕ್ಕಿಂತ ಮೇಲೆ ನಿಂತಿದ್ದರೆ ತಗಡಿನ ಕೆಳಗೆ ಶಾಫ್ಟ್ ಬಾಯಿ ತೆರೆದೇ ಇರುತ್ತದೆ. ಅಂಥ ಕಡೆ ಕೂತು ಜಾರಿ ಇಳಿಯುವವರ ಕಾಲು ಮುಂದಕ್ಕೆ ಹೋಗುವ ಬದಲು ಕ್ಯಾಬಿನ್ನಿನ ಅಡಿಗೆ ತೂಗುತ್ತದೆ. ಕೈ ಜಾರಿದರೆ ಬೀಳುವುದು ನೇರ ಪಿಟ್ಟಿಗೆ, ಅಂದರೆ ಶಾಫ್ಟಿನ ತಳದ ಗುಂಡಿಗೆ. ಇಳಿಯುವ ಹೊತ್ತಿಗೆ ಕರೆಂಟ್ ಬಂದು ಲಿಫ್ಟ್ ಅಲುಗಿದರೆ ಇನ್ನೂ ಅಪಾಯ. ಲಿಫ್ಟ್ ನಿಂತದ್ದರಿಂದ ಜೀವ ಹೋಗುವುದು ಅಪರೂಪ. ನಿಂತ ಲಿಫ್ಟಿನಿಂದ ಆತುರಕ್ಕೆ ಹೊರಬರಲು ಹೋದಾಗಲೇ ಅನಾಹುತ ಆಗುವುದು.

ವಾಚ್‌ಮನ್ನನ್ನು ಬೈಯಬೇಡಿ. ಒಳಗೆ ವಯಸ್ಸಾದವರು ಕೂಗುತ್ತಿದ್ದರೆ ಒಳ್ಳೆಯ ಮನುಷ್ಯ ಸುಮ್ನೆ ನಿಲ್ಲಲು ಆಗಲ್ಲ ಅಲ್ವಾ. ತಪ್ಪು ಅವರಿಗೆ ಕಲಿಸದೇ ಕೀ ಕೊಟ್ಟವರದ್ದು. ನಿಮ್ಮ ಎಎಂಸಿ ಕಂಪನಿಯವರನ್ನು ಕರೆಸಿ, ವಾಚ್‌ಮನ್ನಿಗೂ ಕಮಿಟಿಯ ಇಬ್ಬರಿಗೂ ಬಿಡಿಸುವ ಕ್ರಮವನ್ನು ಕೈಯಲ್ಲೇ ಮಾಡಿಸಿ ಕಲಿಸಿ. ಮೊದಲು ಒಳಗಿನವರ ಜೊತೆ ಮಾತಾಡಿ ಬಾಗಿಲಿನಿಂದ ದೂರ ನಿಲ್ಲಲು ಹೇಳಬೇಕು. ಆಮೇಲೆ ಲಿಫ್ಟಿನ ಮೇನ್ ಸ್ವಿಚ್ ಆಫ್ ಮಾಡಬೇಕು. ಎಲ್ಲ ಮಹಡಿಯ ಬಾಗಿಲೂ ಮುಚ್ಚಿದೆ ಎಂದು ನೋಡಿಕೊಳ್ಳಬೇಕು. ನಂತರ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು ಹಿಡಿದು ಕ್ಯಾಬಿನ್ನನ್ನು ಹತ್ತಿರದ ಮಹಡಿಯ ಮಟ್ಟಕ್ಕೆ ತರಬೇಕು. ಬಾಗಿಲು ತೆರೆಯುವುದು ಕೊನೆಗೆ. ಎದುರುತೂಕದ ವಿಷಯ ಬೇಕಾಗುವುದು ಇಲ್ಲಿಯೇ. ಒಳಗೆ ಒಬ್ಬರೇ ಇದ್ದರೆ ಕ್ಯಾಬಿನ್ ಮೇಲಕ್ಕೆ ತೇಲುತ್ತದೆ. ಇದು ಗೊತ್ತಿಲ್ಲದವರು ಕೆಳಗೆ ಬರುತ್ತದೆ ಎಂದುಕೊಂಡು ಬ್ರೇಕ್ ಎತ್ತಿ ಹಿಡಿದರೆ ವೇಗ ಏರುತ್ತಾ ಹೋಗುತ್ತದೆ. ಕಲಿಯದವರು ಬ್ರೇಕ್ ಮುಟ್ಟಲೇಬಾರದು. ಮೆಕ್ಯಾನಿಕ್ ಬರುವುದು ತಡವಾದರೆ, ಒಳಗಿನವರಿಗೆ ಹುಷಾರಿಲ್ಲದಿದ್ದರೆ 112ಕ್ಕೆ ಅಥವಾ ಅಗ್ನಿಶಾಮಕದವರ 101ಕ್ಕೆ ಫೋನ್ ಮಾಡಿ.

ಒಳಗೆ ಸಿಕ್ಕಿಕೊಂಡವರು ಮಾಡಬೇಕಾದದ್ದು ಕಡಿಮೆ. ಅಲಾರಂ ಒತ್ತಿ, ಇಂಟರ್‌ಕಾಮ್ ಇದ್ದರೆ ಮಾತಾಡಿ, ಸಿಗ್ನಲ್ ಇದ್ದರೆ ಮನೆಗೆ ಫೋನ್ ಮಾಡಿ, ನೆಲದ ಮೇಲೆ ಕೂತುಕೊಳ್ಳಿ. ಉಸಿರು ಕಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕ್ಯಾಬಿನ್ನಿಗೆ ಮೇಲೆ ಕೆಳಗೆ ಗಾಳಿ ಬರುವ ಕಿಂಡಿ ಇಟ್ಟೇ ಮಾಡಿರುತ್ತಾರೆ. ಫ್ಯಾನ್ ನಿಂತರೆ ಸೆಖೆ ಆಗುತ್ತದೆ, ಬೆವರುತ್ತೀರಿ, ಗಾಳಿ ಮುಗಿಯುವುದಿಲ್ಲ. ಬಾಗಿಲನ್ನು ಬೆರಳಿನಿಂದ ಸರಿಸಲು ಹೋಗಬೇಡಿ. ಎಷ್ಟೋ ಸಲ ಆ ಒತ್ತಡಕ್ಕೇ, ಬಾಗಿಲು ಮುಚ್ಚಿದೆ ಎಂದು ಲಿಫ್ಟಿಗೆ ತಿಳಿಸುವ ವಿದ್ಯುತ್ ಕಾಂಟ್ಯಾಕ್ಟ್ ಬಿಟ್ಟು, ತಾನಾಗಿ ಹೊರಡಬೇಕಿದ್ದ ಲಿಫ್ಟ್ ಮತ್ತೆ ಅಲ್ಲೇ ನಿಲ್ಲುತ್ತದೆ. ಅಮ್ಮನ ಹತ್ತಿರ ಸಣ್ಣ ಫೋನ್ ಒಂದು ಸದಾ ಇರಲಿ. ಕ್ಯಾಬಿನ್ನಿನೊಳಗೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಫೋನ್ ಮಾಡಬೇಕಾದ ನಂಬರ್ ಬರೆದು ಅಂಟಿಸಿ.

ಇನ್ನು ಮಧ್ಯಾಹ್ನವೇ ಏಕೆ ನಿಲ್ಲುತ್ತದೆ? ನಿಮ್ಮದು ತಾರಸಿ ಮೇಲೆ ಯಂತ್ರದ ಕೋಣೆ ಇರುವ ಲಿಫ್ಟ್ ಆಗಿದ್ದರೆ, ಮೇ ತಿಂಗಳ ಎರಡು ಗಂಟೆಗೆ ಒಮ್ಮೆ ಆ ಕೋಣೆಯ ಬಾಗಿಲು ತೆರೆಸಿ ನೋಡಿ. ದಾವಣಗೆರೆ ಬಿಸಿಲು ಗೊತ್ತಲ್ಲ. ಮೇಲೆ ಕಾಂಕ್ರೀಟ್ ಕಾದಿರುತ್ತದೆ, ಒಳಗೆ ಮೋಟಾರಿನ ಬಿಸಿ, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಬಿಸಿ. ಕಿಟಕಿಗೆ ಪಾರಿವಾಳ ಬರುತ್ತವೆ ಅಂತ ಪ್ಲೈವುಡ್ ಹೊಡೆದಿರುತ್ತಾರೆ. ಮೂಲೆಯಲ್ಲಿ ಹಳೇ ಪೇಂಟ್ ಡಬ್ಬ, ಗಣಪತಿ ಪೆಂಡಾಲಿನ ಬಟ್ಟೆ. ಆ ಕೋಣೆಯ ಉಷ್ಣತೆ 40 ಡಿಗ್ರಿ ದಾಟಬಾರದು ಎಂಬ ಲೆಕ್ಕದಲ್ಲಿ ಯಂತ್ರಗಳನ್ನು ಮಾಡಿರುತ್ತಾರೆ. ದಾಟಿದರೆ ಡ್ರೈವ್ ತನ್ನನ್ನು ಉಳಿಸಿಕೊಳ್ಳಲು ಟ್ರಿಪ್ ಆಗುತ್ತದೆ, ಲಿಫ್ಟ್ ಇದ್ದಲ್ಲೇ ನಿಲ್ಲುತ್ತದೆ. ಸಂಜೆ ಮೆಕ್ಯಾನಿಕ್ ಬರುವ ಹೊತ್ತಿಗೆ ತಣ್ಣಗಾಗಿ ಎಲ್ಲ ಸರಿ ಇರುತ್ತದೆ. ಏನೂ ತೊಂದರೆ ಇಲ್ಲ ಸಾರ್ ಅಂತ ಹೇಳಿ ಹೋಗುತ್ತಾರೆ. ಜಾಲರಿ ಹಾಕಿ ಕಿಟಕಿ ತೆರೆಸಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ತಾರಸಿಗೆ ಬಿಳಿ ಬಣ್ಣ ಬಳಿಸಿ, ಸಾಮಾನು ಖಾಲಿ ಮಾಡಿಸಿ. ಇದು ಸಾವಿರಗಳಲ್ಲಿ ಮುಗಿಯುವ ಕೆಲಸ. ಕಾರಣ ಬಿಸಿಯೇ ಇರಬೇಕೆಂದೇನಿಲ್ಲ, ಮಧ್ಯಾಹ್ನ ವೋಲ್ಟೇಜ್ ಇಳಿದರೂ ಒಂದು ಫೇಸ್ ಹೋದರೂ ಲಿಫ್ಟ್ ನಿಲ್ಲುತ್ತದೆ. ಈಗಿನ ಕಂಟ್ರೋಲರುಗಳು ನಿಂತದ್ದಕ್ಕೆ ಕಾರಣವನ್ನು ಕೋಡ್ ರೂಪದಲ್ಲಿ ನೆನಪಿಟ್ಟುಕೊಳ್ಳುತ್ತವೆ. ವಾಚ್‌ಮನ್ ಹತ್ತಿರ ಒಂದು ನೋಟ್‌ಬುಕ್ ಇಡಿಸಿ, ನಿಂತ ದಿನ, ಸಮಯ, ಮಹಡಿ ಬರೆಸಿ. ಮೆಕ್ಯಾನಿಕ್ ಬಂದಾಗ ಕೋಡ್ ಓದಿಸಿ ಅದರ ಪಕ್ಕದಲ್ಲೇ ಬರೆಸಿ. ಎರಡು ತಿಂಗಳಿಗೆ ಕಾರಣ ತಾನಾಗಿ ಬಯಲಾಗುತ್ತದೆ.

ಎಆರ್‌ಡಿ ಇದೆಯಾ ಅಂತಲೂ ಕೇಳಿ. ಕರೆಂಟ್ ಹೋದ ಕೆಲವು ಸೆಕೆಂಡಿನಲ್ಲಿ ಬ್ಯಾಟರಿಯಿಂದ ಕ್ಯಾಬಿನ್ನನ್ನು ಹತ್ತಿರದ ಮಹಡಿಗೆ ನಿಧಾನವಾಗಿ ಒಯ್ದು ಬಾಗಿಲು ತೆರೆಯುವ ಸಾಧನ ಅದು. ನಮ್ಮ ಕಡೆ ಅನೇಕ ಕಟ್ಟಡಗಳಲ್ಲಿ ಡಬ್ಬಿ ಇರುತ್ತದೆ, ಬ್ಯಾಟರಿ ಸತ್ತಿರುತ್ತದೆ. ತಿಂಗಳಿಗೊಮ್ಮೆ ಮೆಕ್ಯಾನಿಕ್ ಎದುರಿಗೇ, ಕ್ಯಾಬಿನ್ ಖಾಲಿ ಇರುವಾಗ ಮೇನ್ ಆಫ್ ಮಾಡಿಸಿ ನೋಡಿ. ಒಂದು ಮಾತು ತಿಳಿದಿರಲಿ. ಎಆರ್‌ಡಿ ಕೆಲಸ ಮಾಡುವುದು ಕರೆಂಟ್ ಹೋದಾಗ. ಬಾಗಿಲಿನ ಲಾಕ್ ದೋಷಕ್ಕೆ ನಿಂತ ಲಿಫ್ಟನ್ನು ಅದು ಸರಿಸುವುದಿಲ್ಲ, ಸರಿಸಲೂಬಾರದು.

ಲಿಫ್ಟ್ ಕೆಡುವುದರಲ್ಲಿ ನಮ್ಮ ಪಾಲೂ ದೊಡ್ಡದು. ಮುಂದಿನ ಸಲ ಬಾಗಿಲು ತೆರೆದಾಗ ಹೊಸ್ತಿಲಿನ ಸೀಳನ್ನು ಬಗ್ಗಿ ನೋಡಿ. ಬಾಗಿಲು ಆ ಸೀಳಿನಲ್ಲೇ ಜಾರುವುದು. ಅಲ್ಲಿ ಒಂದಿಷ್ಟು ಮಂಡಕ್ಕಿ, ರಂಗೋಲಿ ಪುಡಿ, ಚೆಂಡು ಹೂವಿನ ಎಸಳು, ಆಯುಧಪೂಜೆ ದಿನ ಹೊಸ್ತಿಲಲ್ಲೇ ಒಡೆದ ತೆಂಗಿನಕಾಯಿಯ ಚಿಪ್ಪಿನ ಚೂರು ಸಿಗುತ್ತದೆ. ಒಂದು ಚೂರು ಸಾಕು, ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಬಾಗಿಲು ಮುಚ್ಚದಿದ್ದರೆ ಲಿಫ್ಟ್ ಹೊರಡುವುದಿಲ್ಲ. ಪೂಜೆ ಮಾಡಿ, ಖಂಡಿತ ಮಾಡಿ, ಕಾಯಿ ಮಾತ್ರ ಗೇಟಿನ ಹತ್ತಿರ ಒಡೆಯಿರಿ. ಆ ಸೀಳನ್ನು ವಾರಕ್ಕೊಮ್ಮೆ ಒಣ ಬ್ರಷ್ಷಿನಿಂದ ಗುಡಿಸಿದರೆ ಅರ್ಧ ಕಂಪ್ಲೇಂಟ್ ಕಡಿಮೆ ಆಗುತ್ತದೆ.

ಇದಕ್ಕಿಂತ ಕೆಟ್ಟದ್ದು ನೀರು. ಹಬ್ಬದ ಹಿಂದಿನ ದಿನ ಏಳನೇ ಮಹಡಿಯಿಂದ ಬಕೆಟ್ಟಿನಲ್ಲಿ ನೀರು ಸುರಿದು ತೊಳೆಯುತ್ತಾರೆ. ಆ ನೀರು ಹೊಸ್ತಿಲು ದಾಟಿ ಶಾಫ್ಟಿಗೆ ಇಳಿಯುತ್ತದೆ. ಕೆಳಗಿನ ಮಹಡಿಗಳ ಬಾಗಿಲಿನ ಲಾಕ್ ಕಾಂಟ್ಯಾಕ್ಟುಗಳು ಅದೇ ದಾರಿಯಲ್ಲಿವೆ. ಪಿಟ್ಟಿನಲ್ಲಿ ನೀರು ನಿಂತರೆ ತುಕ್ಕು, ಶಾಕ್, ಎರಡೂ. ಲಿಫ್ಟ್ ಬಾಗಿಲ ಮುಂದೆ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಮಳೆಗಾಲದಲ್ಲಿ ನೀರು ಒಳಗೆ ಹೋಗಿದೆ ಎಂದು ಗೊತ್ತಾದರೆ ಒಣಗುತ್ತದೆ ಬಿಡಿ ಅನ್ನಬೇಡಿ. ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ, ಆಫ್ ಮಾಡಿ, ಮೆಕ್ಯಾನಿಕ್ ಬರುವ ತನಕ ಯಾರೂ ಹತ್ತದಂತೆ ಬೋರ್ಡ್ ಹಾಕಿ.

ಭಾರದ ವಿಷಯ. 25 ಕೆ.ಜಿ.ಯ ಅಕ್ಕಿ ಚೀಲ 16 ಇಟ್ಟರೆ 400 ಕೆ.ಜಿ. ಆಯ್ತು, ಆರು ಜನರ ಲಿಫ್ಟ್ ಅಲ್ಲಿಗೆ ಭರ್ತಿ. ಟೈಲ್ಸ್, ಸಿಮೆಂಟ್, ಗ್ರಾನೈಟ್ ಇನ್ನೂ ಮೋಸ, ಜಾಗ ಕಡಿಮೆ ಹಿಡಿಯುತ್ತವೆ, ತೂಕ ಜಾಸ್ತಿ. ಬಜರ್ ಹೊಡೆದರೆ ಕೊನೆಗೆ ಹತ್ತಿದವರು ಇಳಿಯಬೇಕು. ಎಲೆಕ್ಟ್ರಿಕ್ ಸ್ಕೂಟರನ್ನು ಚಾರ್ಜಿಗೆಂದು ಲಿಫ್ಟಿನಲ್ಲಿ ಮನೆಗೆ ಒಯ್ಯುವವರನ್ನು ದಯವಿಟ್ಟು ತಡೆಯಿರಿ. ಲಿಥಿಯಂ ಬ್ಯಾಟರಿ ಮುಚ್ಚಿದ ಡಬ್ಬಿಯಲ್ಲಿ ಹತ್ತಿಕೊಂಡರೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

ಬಾಗಿಲಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳ ಪರದೆ ಇರುತ್ತದೆ. ಅಡ್ಡ ಏನಾದರೂ ಬಂದರೆ ಬಾಗಿಲು ವಾಪಸ್ ತೆರೆಯುತ್ತದೆ. ಆದರೆ ಸೆರಗಿನ ಅಂಚು, ದುಪಟ್ಟಾ, ಸ್ಕೂಲ್ ಬ್ಯಾಗಿನ ಪಟ್ಟಿ, ನಾಯಿಯ ಹಗ್ಗ ಅದಕ್ಕೆ ಕಾಣದೇ ಹೋಗಬಹುದು. ಅದನ್ನು ನಂಬಿ ಕೈಯೋ ಕಾಲೋ ಅಡ್ಡ ಇಡಬೇಡಿ. ಬಾಗಿಲು ತೆರೆಯುವ ಬಟನ್ ಇರುವುದು ಅದಕ್ಕೇ. ಚಿಕ್ಕ ಮಕ್ಕಳನ್ನು ಕೈ ಹಿಡಿದೇ ಒಳಗೆ ಕರೆದುಕೊಳ್ಳಿ, ಒಂಟಿಯಾಗಿ ಕಳಿಸಬೇಡಿ. ಕೊಲ್ಯಾಪ್ಸಿಬಲ್ ಗೇಟಿನ ಹಳೆಯ ಲಿಫ್ಟ್ ಇರುವವರು ಅದನ್ನು ತೆಗೆಸಿ ಮುಚ್ಚಿದ ಬಾಗಿಲು ಹಾಕಿಸಲೇಬೇಕು. ಜಾಲಿಯ ಸಂದಿಯಲ್ಲಿ ಮಗುವಿನ ಕೈ ಹೋಗಲು ಒಂದು ಕ್ಷಣ ಸಾಕು. ವೀಲ್‌ಚೇರನ್ನು ಹಿಮ್ಮುಖವಾಗಿ ಒಳಗೆ ಎಳೆದುಕೊಳ್ಳಿ. ದೊಡ್ಡ ಚಕ್ರ ಮೊದಲು ದಾಟಿದರೆ ಮುಂದಿನ ಸಣ್ಣ ಚಕ್ರ ಸಂದಿಯಲ್ಲಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಅಮ್ಮ ಕೋಲು ಹಿಡಿಯುವುದಾದರೆ ಅದರ ತುದಿಗೂ ಇದೇ ಎಚ್ಚರ ಬೇಕು. ಕ್ಯಾಬಿನ್ ಮಹಡಿಯ ಮಟ್ಟಕ್ಕಿಂತ ಒಂದಿಂಚು ಮೇಲೋ ಕೆಳಗೋ ನಿಲ್ಲಲು ಶುರುವಾದರೆ ಅವತ್ತೇ ಕಂಪ್ಲೇಂಟ್ ಕೊಡಿ. ಎಡವಿ ಬೀಳುವ ಭಯ ಒಂದು ಕಡೆ, ಬ್ರೇಕ್ ಸವೆದಿರುವ ಸೂಚನೆಯೂ ಅದಾಗಿರಬಹುದು.

ಬೆಂಕಿ ಬಿದ್ದರೆ ಮೆಟ್ಟಿಲೇ ದಾರಿ. ಶಾಫ್ಟ್ ಹೊಗೆಯನ್ನು ಮೇಲಕ್ಕೆ ಎಳೆಯುತ್ತದೆ, ಕರೆಂಟ್ ಯಾವಾಗ ಬೇಕಾದರೂ ಹೋಗಬಹುದು. ಫೈರ್‌ಮ್ಯಾನ್ ಸ್ವಿಚ್ ಅಗ್ನಿಶಾಮಕದವರಿಗೆ ಇರುವುದು, ನಮಗಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸ್ಟ್ಯಾಂಡ್, ಸೈಕಲ್ ಇದ್ದರೆ ಇವತ್ತೇ ತೆಗೆಸಿ.

ಕೊನೆಗೆ ಎಎಂಸಿ. ಕಡಿಮೆ ದರ ಅಂದ ಮಾತ್ರಕ್ಕೆ ಕೆಟ್ಟದು ಅಂತ ನಾನು ಹೇಳುವುದಿಲ್ಲ. ದರ ಯಾವುದರ ಮೇಲೆ ಕಡಿಮೆ ಆಗಿದೆ ನೋಡಿ. ಕಾಂಪ್ರಹೆನ್ಸಿವ್ ಆದರೆ ಬಿಡಿಭಾಗದ ಖರ್ಚು ಅವರದ್ದು, ಹಗ್ಗ, ಬ್ಯಾಟರಿ, ಡ್ರೈವ್ ಸೇರಿದೆಯಾ ಅಂತ ಬರಹದಲ್ಲಿರಬೇಕು. ಇಲ್ಲದಿದ್ದರೆ ಬರೀ ಸರ್ವಿಸ್, ಒಂದು ಡ್ರೈವ್ ಸುಟ್ಟರೆ ಉಳಿಸಿದ್ದೆಲ್ಲ ಹೋಗುತ್ತದೆ. ಮೆಕ್ಯಾನಿಕ್ ದಾವಣಗೆರೆಯಲ್ಲೇ ಇರುತ್ತಾರಾ, ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರಬೇಕಾ ಎಂಬುದು ಎಲ್ಲಕ್ಕಿಂತ ಮುಖ್ಯ. ಅಮ್ಮ ಒಳಗೆ ಸಿಕ್ಕಿಕೊಂಡಾಗ ದರಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಸರ್ವಿಸ್ ದಿನ ಕಮಿಟಿಯವರೊಬ್ಬರು ಜೊತೆಗಿರಿ. ಕ್ಯಾಬಿನ್ನಿನ ತಲೆ ಮೇಲೆ ಹತ್ತದೆ, ಪಿಟ್ಟಿಗೆ ಇಳಿಯದೆ, ಒಂದೊಂದು ಮಹಡಿಯ ಲಾಕನ್ನೂ ಮುಟ್ಟಿ ನೋಡದೆ ಹತ್ತು ನಿಮಿಷದಲ್ಲಿ ಸಹಿ ಕೇಳಿದರೆ ಸಹಿ ಹಾಕಬೇಡಿ.

ಕರ್ನಾಟಕದಲ್ಲಿ ಲಿಫ್ಟುಗಳಿಗೆಂದೇ 2012ರ ಕಾಯ್ದೆ ಇದೆ. ಲಿಫ್ಟ್ ನಡೆಸಲು ಲೈಸೆನ್ಸ್ ಬೇಕು, ಅದನ್ನು ನೋಡಿಕೊಳ್ಳುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ನಿಮ್ಮ ಲಿಫ್ಟಿನ ಲೈಸೆನ್ಸ್ ಪ್ರತಿ ಮತ್ತು ಕೊನೆಯ ತಪಾಸಣೆಯ ವರದಿ ತೋರಿಸಿ ಎಂದು ಕಮಿಟಿಯವರನ್ನು ಕೇಳಿ. ಬಿಲ್ಡರ್ ಹೆಸರಿನಲ್ಲೇ ಉಳಿದಿದ್ದರೆ ಅಸೋಸಿಯೇಷನ್ ಹೆಸರಿಗೆ ಮಾಡಿಸಿಕೊಳ್ಳಿ. ಹೊಸ ಎಎಂಸಿಗೆ ಸಹಿ ಹಾಕುವ ಮೊದಲು, ಎಲ್ಲ ಮಹಡಿಯ ಬಾಗಿಲಿನ ಲಾಕ್, ಗವರ್ನರ್, ಬ್ರೇಕ್ ಮತ್ತು ಎಆರ್‌ಡಿ ಪರೀಕ್ಷಿಸಿ ಲಿಖಿತ ವರದಿ ಕೊಡಲು ಬಂದವರಿಗೆ ಹೇಳಿ. ಆ ತ್ರಿಕೋನದ ಕೀಯನ್ನು ಅಲ್ಲಿಯ ತನಕ ವಾಚ್‌ಮನ್ ಕೋಣೆಯ ಮೊಳೆಯಿಂದ ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಿಸಿ. ತರಬೇತಿ ಆದವರ ಹೆಸರು ಆ ಪೆಟ್ಟಿಗೆಯ ಮೇಲೆ ಬರೆದಿರಲಿ.